ಔಷಧ ದುರ್ಬಳಕೆ ಮತ್ತು ಪುರುಷ ಸಂತಾನಶಕ್ತಿ

ವೈದ್ಯರ ಚೀಟಿಯಿಲ್ಲದೆ ಬಳಸುವ ಕೆಲವು ಔಷಧಗಳು ವೀರ್ಯಾಣುಗಳ ಸಂಖ್ಯೆ, ಚಲನೆ ಎರಡನ್ನೂ ಕುಗ್ಗಿಸುತ್ತವೆ. ಇವುಗಳಲ್ಲಿ ಹೆಚ್ಚು ಹಾನಿಕರವಾದವು ಮೈಕಟ್ಟಿಗಾಗಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಮತ್ತು ಅನಬಾಲಿಕ್ ಸ್ಟೀರಾಯ್ಡ್‌ಗಳು. ಹೊರಗಿನಿಂದ ಹಾರ್ಮೋನು ಬರುತ್ತಿದ್ದಂತೆ ಪಿಟ್ಯುಟರಿ ಗ್ರಂಥಿ ವೃಷಣವನ್ನು ಪ್ರಚೋದಿಸುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್‌ಗಳ ಸ್ರಾವವನ್ನು ತಗ್ಗಿಸುತ್ತದೆ. ವೃಷಣದೊಳಗಿನ ಟೆಸ್ಟೋಸ್ಟೆರಾನ್ ಕುಸಿದು ವೀರ್ಯಾಣು ಉತ್ಪತ್ತಿ ಪೂರ್ತಿ ನಿಲ್ಲಲೂಬಹುದು. ತೋಳು ದಪ್ಪವಾಗುತ್ತಿರುವಾಗಲೇ ವೃಷಣ ಕಿರಿದಾಗುತ್ತದೆ. ಗಂಡಸುತನದ ಮದ್ದೆಂದು ನಂಬಿ, ಮಕ್ಕಳಾಗಲೆಂದೇ ಈ ಚುಚ್ಚುಮದ್ದನ್ನು ತೆಗೆದುಕೊಂಡವರಿಗೆ ಆಗುವ ಅನ್ಯಾಯ ದೊಡ್ಡದು.

ನೋವಿನ ಮಾತ್ರೆ ಟ್ರಮಡಾಲ್ 2018ರಿಂದ ಮಾದಕವಸ್ತು ಕಾಯ್ದೆಯ ವ್ಯಾಪ್ತಿಯಲ್ಲಿದೆ. ಇಂಥ ಅಫೀಮು ಬಗೆಯ ಮದ್ದುಗಳಾದ ಓಪಿಯಾಯ್ಡ್‌ಗಳ ದೀರ್ಘ ಸೇವನೆಯೂ ಟೆಸ್ಟೋಸ್ಟೆರಾನ್ ಇಳಿಸುತ್ತದೆ.

ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆದ್ದರಿಂದ ಔಷಧ ಬಿಟ್ಟ ಮರುವಾರವೇ ಫಲ ಕಾಣದು. ಹಲವರಿಗೆ 6ರಿಂದ 12 ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

ಗರಡಿಮನೆಗಳ ಪರಂಪರೆಯುಳ್ಳ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲೂ, ನಾಡಿನ ಬೇರೆಡೆಯಂತೆ, ಮಕ್ಕಳಾಗದಿದ್ದರೆ ಮೊದಲ ಬೊಟ್ಟು ಸೊಸೆಯತ್ತ. ಗಂಡನ ವೀರ್ಯಪರೀಕ್ಷೆ ಅಗ್ಗ, ನೋವಿಲ್ಲದ್ದು; ಮೊದಲು ಆಗಬೇಕಾದದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕನಿಷ್ಠ ಉಲ್ಲೇಖಮಟ್ಟ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು. ವೈದ್ಯರ ಸಲಹೆ ಬೇಕಾದವರಿಗೆ ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿಗೆ ಸೇರಿದ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯಿದೆ. ವೈದ್ಯರೆದುರು ಚುಚ್ಚುಮದ್ದಿನ ಹೆಸರು, ಪ್ರಮಾಣ, ಅವಧಿ ಮುಚ್ಚಿಡದೆ ಹೇಳಿದರೆ ಚಿಕಿತ್ಸೆಯ ದಾರಿ ಬೇಗ ಸಿಗುತ್ತದೆ.