ಹೊಸ ನಾಳ, ಹಳೆಯ ಭಯ

ಕಾರ್ಖಾನೆಗಳಿಗೂ ಗಣಕೋದ್ಯಮಕ್ಕೂ ಹೆಸರಾದ ಬೆಂಗಳೂರಿನ ಹೊರವಲಯವು ಈ ಶತಮಾನದ ಆರಂಭದಲ್ಲಿಯೇ ಹೃದಯಚಿಕಿತ್ಸೆಯ ಕ್ಷೇತ್ರವೂ ಆಯಿತು. 2001ರ ಜನವರಿ 19ರಂದು ಪ್ರಧಾನಿ ವಾಜಪೇಯಿಯವರಿಂದ ಉದ್ಘಾಟಿತವಾದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯು ರೋಗಿಯಿಂದ ಹಣ ಪಡೆಯದೆಯೇ ಹೃದಯದ ಶಸ್ತ್ರಚಿಕಿತ್ಸೆಯನ್ನು ಕೈಗೊಂಡಿತು. ಸುಮಾರು ಅದೇ ಕಾಲಕ್ಕೆ ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯವು ತಲೆಯೆತ್ತಿತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಯಿಂದ ಸಹಕಾರ ಸಂಘದ ಸದಸ್ಯನಾದ ರೈತನಿಗೂ ಇಂಥ ಚಿಕಿತ್ಸೆ ಕೈಗೆಟುಕಿತು. ಈ ಚರಿತ್ರೆಯಲ್ಲಿ ಶಸ್ತ್ರವೈದ್ಯನ ಹಸ್ತಕೌಶಲವನ್ನು ಎಲ್ಲರೂ ಕೊಂಡಾಡುವರು. ಅದು ಯುಕ್ತವೇ ಸರಿ. ಆದರೆ ಹೊಲಿಗೆ ಮುಗಿದ ಮೇಲಿನ ಇರುಳಿಗೂ ಒಂದು ಚರಿತ್ರೆಯುಂಟು. ಅದನ್ನು ಸ್ಮರಿಸುವವರು ವಿರಳ.

1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಶಸ್ತ್ರವೈದ್ಯ ಫವಲೋರೊ ಕಾಲಿನ ಸಿರೆಯಿಂದ ಹೃದಯಕ್ಕೆ ಹೊಸ ರಕ್ತಮಾರ್ಗವನ್ನು, ಅಂದರೆ ಬೈಪಾಸನ್ನು, ಕಲ್ಪಿಸಿದರು. 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ ಭಾರತದ ಮೊದಲ ಬೈಪಾಸ್ ನೆರವೇರಿಸಿದರು. ಆದರೆ ಶಸ್ತ್ರಚಿಕಿತ್ಸೆಯ ಬಳಿಕ, ಹೊಸ ನಾಳವು ನಿರ್ದೋಷವಾಗಿರುವಾಗಲೂ ಕೆಲವು ರೋಗಿಗಳ ರಕ್ತದೊತ್ತಡವು ಹಠಾತ್ತನೆ ಕುಸಿದು, ಇಸಿಜಿಯ ರೇಖೆ ಮೇಲೆದ್ದು, ಹೃದಯದ ಲಯವೇ ತಪ್ಪುತ್ತಿದ್ದುದು ವೈದ್ಯರನ್ನು ದಿಗ್ಭ್ರಮೆಗೊಳಿಸಿತು. ಹೃದಯಕ್ಕೆ ರಕ್ತವನ್ನು ಒದಗಿಸುವ ಪರಿಧಮನಿಯು ತಾನಾಗಿಯೇ ಬಿಗಿದುಕೊಳ್ಳಬಲ್ಲುದೆಂಬ ವಿಚಾರವನ್ನು 1959ರಲ್ಲಿಯೇ ಹೃದಯತಜ್ಞ ಪ್ರಿನ್ಸ್‌ಮೆಟಲ್ ಮುಂದಿಟ್ಟಿದ್ದರು. ಬೈಪಾಸಿನ ಬೆನ್ನಿಗೇ ಇಂಥ ಸೆಳೆತವು, ಅದೂ ಶಸ್ತ್ರ ಮುಟ್ಟದ ಬಲ ಪರಿಧಮನಿಯಲ್ಲಿಯೇ, ತಲೆದೋರಬಹುದೆಂಬುದನ್ನು 1981ರಲ್ಲಿ ಅಮೆರಿಕದ ವೈದ್ಯರು ವಿವರಿಸಿದರು.

ಪ್ಯಾರಿಸಿನ ಶಸ್ತ್ರವೈದ್ಯ ಕಾರ್ಪೆಂಟಿಯರ್ ಅವರ ಅನುಭವವು ಇಲ್ಲಿ ಬಹು ಬೋಧಪ್ರದವಾದುದು. ಮುಂಗೈಯ ಧಮನಿಯನ್ನು ಹೃದಯಕ್ಕೆ ಜೋಡಿಸುವ ಕ್ರಮವನ್ನು 1970ರ ದಶಕದ ಆರಂಭದಲ್ಲಿ ತಾವೇ ಪ್ರಚುರಪಡಿಸಿ, ಅದು ಸೆಳೆತಕ್ಕೆ ಸಿಲುಕಿ ಮುಚ್ಚಿಕೊಳ್ಳುವುದನ್ನು ಕಂಡು ತಾವೇ ಕೈಬಿಟ್ಟರು. ಆದರೆ ಹಲವು ವರ್ಷಗಳಾದ ಮೇಲೂ ಅಂಥ ಕೆಲವು ನಾಳಗಳು ತೆರೆದೇ ಇರುವುದು ಗೋಚರವಾಗಲು, ಡಿಲ್ಟಿಯಾಜೆಮ್‌ನಂಥ ಔಷಧಗಳ ಬೆಂಬಲದಿಂದ 1990ರ ದಶಕದಲ್ಲಿ ಆ ಕ್ರಮವು ಮರುಹುಟ್ಟು ಪಡೆಯಿತು. ಧಮನಿಯೆಂಬುದು ಜಡವಾದ ಕೊಳವೆಯಲ್ಲ, ಶೈತ್ಯಕ್ಕೂ ಸ್ಪರ್ಶಕ್ಕೂ ಔಷಧಕ್ಕೂ ಸ್ಪಂದಿಸುವ ಸಜೀವ ಮಾಂಸಲ ಭಿತ್ತಿಯೆಂಬುದನ್ನು ಶಸ್ತ್ರವೈದ್ಯರು ಕಲಿತದ್ದು ಹೀಗೆ, ವಿಫಲತೆಯ ಮಾರ್ಗದಿಂದ.

ಆದುದರಿಂದಲೇ ಐಸಿಯುವಿನ ಎಚ್ಚರಕ್ಕೆ ನಾನು ಇಷ್ಟೊಂದು ಬೆಲೆ ಕೊಡುವುದು. ಒತ್ತಡ ಕುಸಿಯಿತೆಂದು ಅಡ್ರಿನಲಿನ್‌ನಂಥ ಔಷಧಗಳನ್ನು ಏರಿಸುತ್ತ ಹೋದರೆ ಬಿಗಿದ ನಾಳವು ಇನ್ನಷ್ಟು ಬಿಗಿಯಬಹುದು. ನಾಳದೊಳಗೆ ರಕ್ತ ಹೆಪ್ಪುಗಟ್ಟಿದೆಯೋ, ಅದು ಮಡಿಚಿಕೊಂಡಿದೆಯೋ, ಸೆಳೆತವೇ ಕಾರಣವೋ ಎಂಬುದನ್ನು ಆಂಜಿಯೋಗ್ರಾಮಿನಿಂದ ನಿರ್ಧರಿಸಿ, ಸೆಳೆತವಾದರೆ ನೈಟ್ರೋಗ್ಲಿಸರಿನ್ ಮೊದಲಾದವನ್ನು ಧಮನಿಯೊಳಕ್ಕೇ ನೀಡಬೇಕಾಗುವುದು. ಅದಕ್ಕೂ ಮಣಿಯದಿದ್ದಲ್ಲಿ ಮಹಾಧಮನಿಯೊಳಗಿನ ಬಲೂನ್ ಪಂಪು, ಕೊನೆಗೆ ಎಕ್ಮೋ ಯಂತ್ರ, ಹೃದಯವು ಚೇತರಿಸಿಕೊಳ್ಳುವವರೆಗೆ ಅದರ ಹೊರೆಯನ್ನು ಹೊರುವುವು.