ಅಮೀನನೆಂದರೆ ನಂಬಿಕಸ್ಥ

ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಉದ್ದಿಮೆ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಫೋನಿನಲ್ಲಿ ಕೇಳಿದ: "ಸಾರ್, ಬಾಕಿ ಉಳಿಸಿಕೊಂಡವರ ಮೇಲೆ ದಾವೆ ಹಾಕಿದ್ದೇನೆ. ದುಡ್ಡು ಕೊಟ್ಟರೆ ಸಮನ್ಸ್ ತಲುಪಿಸಿ ಬರುವ ನಂಬಿಕಸ್ಥ ಮನುಷ್ಯ ಯಾರಾದರೂ ನಿಮಗೆ ಗೊತ್ತೇ?" ನಾನು ಇತಿಹಾಸ ಪಾಠ ಹೇಳಿದ ಮೇಷ್ಟ್ರೇ ಹೊರತು ವಕೀಲನಲ್ಲ. ಆದರೂ ಆ ಪ್ರಶ್ನೆಯೊಳಗೆ ದೊಡ್ಡದೊಂದು ಇತಿಹಾಸವೇ ಅಡಗಿದೆಯೆಂದು ನನಗನ್ನಿಸಿತು.

ಅಮೆರಿಕದಲ್ಲಿ ಅಂಥವರು ಸಿಗುತ್ತಾರೆ. ಅಲ್ಲಿನ ಫೆಡರಲ್ ನ್ಯಾಯಾಲಯಗಳ ಸಮನ್ಸನ್ನು ಮೊಕದ್ದಮೆಯ ಪಕ್ಷಗಾರನಲ್ಲದ, 18 ವರ್ಷ ತುಂಬಿದ ಯಾರು ಬೇಕಾದರೂ ತಲುಪಿಸಬಹುದೆಂದು 1983ರಲ್ಲಿಯೇ ನಿಯಮವಾಯಿತು. ನಮ್ಮಲ್ಲಿ ಹಾಗಲ್ಲ. ಇಲ್ಲಿ ಆ ನಂಬಿಕಸ್ಥನನ್ನು ನ್ಯಾಯಾಲಯವೇ ನೇಮಿಸಿಕೊಂಡಿದೆ. ಅವನ ಹೆಸರೇ ಅಮೀನ.

ಅಮೀನ್ ಎಂಬುದು ಅರಬ್ಬೀ ಶಬ್ದ. ನಂಬಿಕೆಗೆ ಅರ್ಹನಾದವನು ಎಂದು ಅದರ ಅರ್ಥ. ನಾವು ದಿನವೂ ಬಳಸುವ 'ಅಮಾನತು' ಕೂಡ ಅದೇ ಧಾತುವಿನದು. ನಂಬಿ ಒಪ್ಪಿಸಿದ ವಸ್ತುವೆಂದು ಅದರ ಮೂಲಾರ್ಥ. ಜಪ್ತಿ, ವಕೀಲ, ನಾಜರು ಇವೆಲ್ಲ ಪಾರಸಿಯ ಮೂಲಕ ಕಚೇರಿಗನ್ನಡಕ್ಕೆ ಬಂದವು. 'ಜಾರಿ' ಎಂದರೆ ಹರಿಯುವುದು. ನ್ಯಾಯಾಲಯದ ಆಜ್ಞೆ ಹಾಳೆಯ ಮೇಲೆ ನಿಂತಲ್ಲೇ ನಿಲ್ಲದೆ ಮನೆಯ ಹೊಸ್ತಿಲಿನವರೆಗೆ ಹರಿಯಬೇಕು. ಇಂದಿನ ದಾಖಲೆಗಳಲ್ಲಿ 'ಆದೇಶ ಜಾರಿಕಾರ', 'ಬೇಲಿಫ್' ಎಂಬ ಹುದ್ದೆಗಳಿದ್ದರೂ ಜನರ ಬಾಯಲ್ಲಿ ಅವರು ಇನ್ನೂ ಅಮೀನರೇ.

ನಮ್ಮ ಸೀಮೆಯಲ್ಲಿ ಈ ಹರಿವಿಗೆ ಒಂದು ನದಿಯೇ ಅಡ್ಡವಾಗಿತ್ತು. ಹರಿಹರ ಮೈಸೂರು ಸಂಸ್ಥಾನದ ಊರು. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಸೇತುವೆ ದಾಟಿದರೆ ಸರ್ಕಾರ ಬೇರೆ, ನ್ಯಾಯಾಲಯ ಬೇರೆ. ಬ್ರಿಟಿಷ್ ಇಂಡಿಯಾದಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ನಡೆಯುತ್ತಿದ್ದಾಗ ಮೈಸೂರಿಗೆ ತನ್ನದೇ ಸಂಹಿತೆ ಇತ್ತು. 1951ರಲ್ಲಿ ಕೇಂದ್ರದ ಸಂಹಿತೆ ಇಲ್ಲಿಗೂ ವಿಸ್ತರಿಸಿತು; 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯದೊಳಗೆ ಬಂದವು. ಆದರೂ ಇಂದಿಗೂ ಪ್ರತಿವಾದಿ ಬೇರೊಂದು ನ್ಯಾಯಾಲಯದ ವ್ಯಾಪ್ತಿಯಲ್ಲಿ ವಾಸವಾಗಿದ್ದರೆ, ಸಮನ್ಸನ್ನು ಆ ನ್ಯಾಯಾಲಯಕ್ಕೆ ಕಳುಹಿಸಿ ಅಲ್ಲಿಯ ಅಮೀನನಿಂದ ಜಾರಿ ಮಾಡಿಸುವ ಕ್ರಮವಿದೆ.

ಹೆಸರಿನಲ್ಲಿ ನಂಬಿಕೆಯಿದ್ದರೆ ಸಾಲದೆಂದು ಕಾನೂನು ಬಲ್ಲದು. ಆದ್ದರಿಂದಲೇ ಸಂಹಿತೆಯ 5ನೆಯ ಆದೇಶವು ಅಮೀನನ ಒಂದೊಂದು ಹೆಜ್ಜೆಗೂ ಲೆಕ್ಕ ಕೇಳುತ್ತದೆ. ಸಮನ್ಸ್ ಪಡೆದವನ ಸಹಿಯನ್ನು ತರಬೇಕು. ಯಾವಾಗ, ಹೇಗೆ ಕೊಟ್ಟೆನೆಂದು ಷರಾ ಬರೆಯಬೇಕು. ಪ್ರತಿವಾದಿ ನಿರಾಕರಿಸಿದರೆ ಮನೆಯ ಹೊರಬಾಗಿಲಿಗೆ ಪ್ರತಿಯನ್ನು ಅಂಟಿಸಿ, ಆ ಮನೆಯನ್ನು ಗುರುತಿಸಿದವರ ಮತ್ತು ಸಾಕ್ಷಿಗಳ ಹೆಸರು ವಿಳಾಸಗಳನ್ನು ಬರೆಯಬೇಕು. ಆ ವರದಿಗೆ ಪ್ರಮಾಣಪತ್ರವಿಲ್ಲದಿದ್ದರೆ ನ್ಯಾಯಾಧೀಶರು ಅವನನ್ನೇ ಪ್ರಮಾಣ ಮಾಡಿಸಿ ವಿಚಾರಿಸಬೇಕು. ಮನೆಯವರಿಗೆ ಕೊಡುವುದಾದರೆ ಮೊದಲು ವಯಸ್ಕ ಗಂಡಸಿಗೆ ಮಾತ್ರ ಕೊಡಬಹುದಿತ್ತು. 1976ರ ತಿದ್ದುಪಡಿಯಿಂದ ಹೆಂಗಸರ ಸಹಿಗೂ ಬೆಲೆ ಬಂದಿತು. ಕ್ರಿಮಿನಲ್ ಸಮನ್ಸಿನಲ್ಲಿ ಈ ಭೇದ ಅಳಿಯಲು 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಾಗುವವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ಕಟ್ಟುಪಾಡು ಏತಕ್ಕೆಂದು ನನಗೆ ತಿಳಿದದ್ದು ಪುಸ್ತಕದಿಂದಲ್ಲ. ನಾನು ಹಳ್ಳಿಯ ಪ್ರೌಢಶಾಲೆಯಲ್ಲಿದ್ದಾಗ ಹುಡುಗನೊಬ್ಬ ವಾರಗಟ್ಟಲೆ ತರಗತಿಗೆ ಬರಲಿಲ್ಲ. ಸಹಿ ಹಾಕಿದರೆ ಸಾಲ ಒಪ್ಪಿಕೊಂಡಂತಾಗುತ್ತದೆಂದು ಹೆದರಿ ಅವನ ತಂದೆ ಸಮನ್ಸನ್ನು ನಿರಾಕರಿಸಿದ್ದರು. ಕಾಗದ ಬಾಗಿಲಿಗೆ ಬಿತ್ತು. ಕಾನೂನಿನ ಕಣ್ಣಿನಲ್ಲಿ ಅದು ಜಾರಿಯಾದಂತೆಯೇ. ಅವರು ಹಾಜರಾಗಲಿಲ್ಲ, ಏಕಪಕ್ಷೀಯ ಡಿಕ್ರಿಯಾಯಿತು. ಕೊನೆಗೆ ಹೊಲದ ಜಪ್ತಿಯ ಡಂಗುರ ಊರಿಗೆ ಕೇಳಿಸಿತು. ಸಾಲದ ಲೆಕ್ಕದಲ್ಲಿ ಅವರಿಗೆ ಹೇಳಲು ನ್ಯಾಯವಾದ ಮಾತೇ ಇತ್ತು. ಹೇಳುವ ಅವಕಾಶ ಬಾಗಿಲಿಗೆ ಬಂದು ಹೋಗಿತ್ತು.

ಇದರ ಇನ್ನೊಂದು ಮುಖವೂ ಇದೆ. ಊರಿನ ಮುಖವನ್ನೇ ನೋಡದೆ 'ನಿರಾಕರಿಸಿದರು' ಎಂದು ಯಾರಾದರೂ ಷರಾ ಬರೆದರೆ, ಏನೂ ಅರಿಯದವನ ಮೇಲೂ ಡಿಕ್ರಿಯಾದೀತು. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲವೆಂದು ತೋರಿಸಿ, ವಿಷಯ ತಿಳಿದ 30 ದಿನಗಳೊಳಗೆ ಅರ್ಜಿ ಹಾಕಿ ಅದನ್ನು ರದ್ದುಪಡಿಸಿಕೊಳ್ಳಬಹುದು ನಿಜ. ಆದರೆ ಆ ಅಲೆದಾಟ ಯಾವ ಬಡವನಿಗೂ ಬೇಡ.

ಊರು ಬೆಳೆದಂತೆ ಅಮೀನನ ಕೆಲಸವೂ ಜಟಿಲವಾಯಿತು. ಹತ್ತಿಗಿರಣಿಗಳ ದಾವಣಗೆರೆ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾದ ಹರಿಹರ, ಆಮೇಲೆ ಕರೂರಿನಂಥ ಕೈಗಾರಿಕಾ ಪ್ರದೇಶಗಳು. ಶೆಡ್ಡಿನ ಗೇಟಿನಲ್ಲಿ ಕಾವಲುಗಾರನ ಕೈಗೆ ಕಾಗದ ತುರುಕಿ ಬಂದರೆ ವಾದಕ್ಕೆ ಎಡೆಯಾಗುತ್ತದೆ. ಕಂಪನಿಯಾದರೆ ಕಾರ್ಯದರ್ಶಿ, ನಿರ್ದೇಶಕ ಅಥವಾ ಮುಖ್ಯ ಅಧಿಕಾರಿಗೆ ಕೊಡಬೇಕು, ಇಲ್ಲವೆ ನೋಂದಾಯಿತ ಕಚೇರಿಗೆ ಮುಟ್ಟಿಸಬೇಕು. ಪಾಲುದಾರಿಕೆಯಾದರೆ ಪಾಲುದಾರನೊಬ್ಬನಿಗೆ, ಅಥವಾ ವ್ಯವಹಾರದ ಮುಖ್ಯ ಸ್ಥಳದಲ್ಲಿ ಅದರ ಆಡಳಿತ ನೋಡುವವನಿಗೆ ಕೊಡಬೇಕು.

2002ರ ಜುಲೈ 1ರಿಂದ ಅನುಮೋದಿತ ಕೊರಿಯರ್, ಫ್ಯಾಕ್ಸ್, ಇ-ಮೇಲ್‌ಗಳಿಗೂ ಅವಕಾಶವಾಯಿತು. ನ್ಯಾಯಾಲಯ ಅನುಮತಿಸಿದರೆ ವಾದಿಯೇ ಸಮನ್ಸನ್ನು ಒಯ್ದು ಕೊಡಬಹುದು. ನನ್ನ ವಿದ್ಯಾರ್ಥಿಗೆ ಅವನ ವಕೀಲರು ತಿಳಿಸಿದ ದಾರಿಯೂ ಇದೇ. ಆದರೆ ಕೊರಿಯರ್‌ನವರು ಸುಳ್ಳು ವರದಿ ಕೊಟ್ಟರೆ ಗತಿಯೇನೆಂಬ ಆತಂಕವನ್ನು ಸುಪ್ರೀಂ ಕೋರ್ಟು 2005ರ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಪರಿಶೀಲಿಸಬೇಕಾಯಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಯಿತು. ಸಾಧನ ಯಾವುದೇ ಆಗಲಿ, 'ತಲುಪಿಸಿದೆ' ಎಂದು ಹೇಳುವವನ ಮಾತು ನಿಜವೇ ಎಂಬ ಹಳೆಯ ಪ್ರಶ್ನೆ ಮಾತ್ರ ಉಳಿದೇ ಇದೆ.

ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಹೇಳಬೇಕಾದ ಮಾತೊಂದಿದೆ. ನಿಮ್ಮ ಮನೆಗೆ ಅಮೀನ ಬಂದರೆ ಅಡಗಬೇಡಿರಿ, ಮಕ್ಕಳಿಂದ 'ಅಪ್ಪ ಊರಲ್ಲಿಲ್ಲ' ಎಂದು ಹೇಳಿಸಬೇಡಿರಿ. ಆ ಸಹಿ ಸಾಲದ ಒಪ್ಪಿಗೆಯಲ್ಲ. ಕಾಗದ ಕೈಸೇರಿತೆಂಬುದಕ್ಕೆ ಗುರುತು ಮಾತ್ರ. ಓದಿ, ದಿನಾಂಕ ಗುರುತು ಹಾಕಿಕೊಂಡು ಕೂಡಲೇ ವಕೀಲರನ್ನು ಕಾಣಿರಿ. ಲಿಖಿತ ಹೇಳಿಕೆಗೆ ಸಾಮಾನ್ಯವಾಗಿ 30 ದಿನಗಳಷ್ಟೇ ಇರುತ್ತವೆ. ಬಿಸಿಲಿನಲ್ಲಿ ಬಂದವನಿಗೆ ಒಂದು ಲೋಟ ನೀರನ್ನೂ ಕೊಡಿರಿ. ನಿಮ್ಮ ಮಾತನ್ನು ಕೇಳದೆ ತೀರ್ಪು ಬರೆಯಬಾರದೆಂದೇ ನ್ಯಾಯಾಲಯ ಅವನನ್ನು ಅಷ್ಟು ದೂರ ಕಳುಹಿಸಿರುತ್ತದೆ.