ಕುಂಬಿಯಾ: ನದಿ ದಡದ ಕುಣಿತ ಊರೂರು ಸುತ್ತಿದ ಕಥೆ

ಲ್ಯಾಟಿನ್ ಅಮೆರಿಕದ ಸಂಗೀತ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಸಾಲ್ಸಾ, ಸಾಂಬಾ, ಟ್ಯಾಂಗೋ. ಆದರೆ ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗೆ ಸಾಮಾನ್ಯ ಜನರನ್ನು ಮದುವೆ, ಜಾತ್ರೆ, ಓಣಿಗಳಲ್ಲಿ ಕುಣಿಸೋದು ಕುಂಬಿಯಾ. ನಾನು ಇದರ ಹಿಂದೆ ಬಿದ್ದದ್ದು ಹಾಡಿಗಿಂತ ಅದರ ಚರಿತ್ರೆಗಾಗಿ.

ಇದರ ತವರು ಕೊಲಂಬಿಯಾದ ಕೆರಿಬಿಯನ್ ಕರಾವಳಿ, ಮಗ್ದಲೇನಾ ನದಿಯ ಸೀಮೆ. 1533ರಲ್ಲಿ ಸ್ಪೇನಿನವರು ಕಟ್ಟಿದ ಕಾರ್ತಹೇನಾ ಬಂದರಿಗೆ ಆಫ್ರಿಕಾದಿಂದ ಗುಲಾಮರನ್ನು ಹಡಗುಗಟ್ಟಲೆ ತಂದು ಇಳಿಸುತ್ತಿದ್ದರು. ಅವರ ಡೋಲು, ಅಲ್ಲಿನ ಮೂಲನಿವಾಸಿಗಳ ಗಾಯ್ತಾ ಎಂಬ ಉದ್ದ ಕೊಳಲು, ಸ್ಪೇನಿನವರ ಭಾಷೆ ಮತ್ತು ಉಡುಪು – ಮೂರೂ ಕೂಡಿ ಆದದ್ದು ಕುಂಬಿಯಾ.

ಗಾಯ್ತಾ ಯಾವಾಗಲೂ ಜೋಡಿ. ‘ಹೆಣ್ಣು’ ಕೊಳಲಿಗೆ ಐದು ತೂತು, ರಾಗ ಅದರದ್ದು. ‘ಗಂಡಿ’ಗೆ ಎರಡೇ. ಅದನ್ನು ಊದುವವನು ಇನ್ನೊಂದು ಕೈಯಲ್ಲಿ ಮರಾಕಾ ಗಿಲಕಿ ಆಡಿಸುತ್ತಾನೆ. ಕೊಳಲಿನ ತಲೆ ಜೇನುಮೇಣ ಮತ್ತು ಇದ್ದಿಲ ಪುಡಿಯದ್ದು, ಊದಲು ಹಕ್ಕಿಯ ಗರಿಯ ದಂಟು!

ಕುಣಿತದಲ್ಲಿ ಹೆಂಗಸು ಒಂದು ಕೈಯಲ್ಲಿ ಉರಿಯುವ ಮೇಣದಬತ್ತಿ ಹಿಡಿದು, ಇನ್ನೊಂದರಲ್ಲಿ ಅಗಲ ಲಂಗ ಬೀಸುತ್ತಾ ಪಾದ ಜಾರಿಸಿಕೊಂಡು ಸಾಗುತ್ತಾಳೆ. ಗಂಡಸು ಟೋಪಿ ಹಿಡಿದು ಸುತ್ತುತ್ತಾನೆ, ಆದರೆ ಮುಟ್ಟುವುದಿಲ್ಲ. ಕಾಲಿನ ಸರಪಳಿಯಿಂದಲೇ ಈ ಜಾರು ಹೆಜ್ಜೆ ಬಂತು ಅನ್ನುವ ಕಥೆ ಬಹಳ ಪ್ರಚಲಿತ. ಅದಕ್ಕೆ ಗಟ್ಟಿ ಪುರಾವೆಯೇನೂ ಇಲ್ಲ. ಆದರೂ ಜನ ಅದನ್ನು ಬಿಡುವುದಿಲ್ಲ, ಯಾಕೆಂದರೆ ಗುಲಾಮಗಿರಿಯ ನೆನಪು ಮಾತ್ರ ಸುಳ್ಳಲ್ಲವಲ್ಲ.

ಇದು ಕಪ್ಪು ಜನರ, ಬಡವರ ಗದ್ದಲ ಅಂತ ಬೊಗೊಟಾದ ಮೇಲ್ವರ್ಗ ಬಹುಕಾಲ ಮೂಗು ಮುರಿದಿತ್ತು. 1940ರ ದಶಕದಲ್ಲಿ ಕ್ಲಾರಿನೆಟ್ ವಾದಕ ಲೂಚೋ ಬರ್ಮೂಡೆಸ್ ಕರಾವಳಿಯ ತಾಳಗಳನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಅಳವಡಿಸಿದ ಮೇಲೆ ಕ್ಲಬ್ಬುಗಳ ಬಾಗಿಲು ತೆರೆಯಿತು. 1934ರಲ್ಲಿ ಕಾರ್ತಹೇನಾದಲ್ಲಿ ಶುರುವಾದ ಡಿಸ್ಕೋಸ್ ಫ್ಯುಎಂಟೆಸ್ ಕಂಪನಿಯ ರೆಕಾರ್ಡುಗಳು ಅದನ್ನು ಗಡಿ ದಾಟಿಸಿದವು.

ಮುಂದಿನದ್ದು ವಲಸೆಯ ಕಥೆ. ಆಂಡೀಸ್ ಬೆಟ್ಟಗಳಿಂದ ಪೆರುವಿನ ರಾಜಧಾನಿ ಲಿಮಾಕ್ಕೆ ಹೊಟ್ಟೆಪಾಡಿಗೆ ಬಂದವರು ತಮ್ಮೂರಿನ ವೈನೋ ರಾಗಗಳನ್ನು ಕುಂಬಿಯಾ ತಾಳಕ್ಕೆ ಕೂರಿಸಿ, ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದರು. ಹೆಸರು ‘ಚೀಚಾ’, ಅಂದರೆ ಜೋಳದ ಹೆಂಡ. 1981ರಲ್ಲಿ ಹುಟ್ಟಿದ ಲೋಸ್ ಶಾಪಿಸ್ ತಂಡ ಬೀದಿ ವ್ಯಾಪಾರಿಯ ಬಗ್ಗೆಯೇ ಹಾಡು ಕಟ್ಟಿತು. ಲಿಮಾದ ಹಳಬರ ಬಾಯಲ್ಲಿ ‘ಚೀಚಾ’ ಅನ್ನುವುದು ಕೀಳು ಅಭಿರುಚಿಗೆ ಬೈಗುಳವೇ ಆಯಿತು. ಆದರೆ 1994ರಲ್ಲಿ ಗಾಯಕ ಚಕಲೋನ್ ಸತ್ತಾಗ ಅಂತಿಮಯಾತ್ರೆಗೆ ಜನಸಾಗರವೇ ಸೇರಿತು. ಅರ್ಜೆಂಟೀನಾದಲ್ಲಿ 2001ರ ಆರ್ಥಿಕ ಕುಸಿತದ ಹೊತ್ತಿಗೆ ಕೊಳೆಗೇರಿ ಹುಡುಗರ ‘ಕುಂಬಿಯಾ ವಿಯೇರಾ’ ಹೀಗೇ ಬೈಸಿಕೊಂಡಿತು, ಹೀಗೇ ಗೆದ್ದಿತು.

ಮುಂಬೈಯಲ್ಲಿ ದಶಕಗಳನ್ನು ಕಳೆದ ನನಗೆ ಈ ಲಿಮಾದ ಅಧ್ಯಾಯವೇ ಹೆಚ್ಚು ಹತ್ತಿರ. ಅವರು ಊರಿನ ರಾಗ ಬಿಡಲಿಲ್ಲ, ನಗರದ ಗಿಟಾರನ್ನೂ ದೂರ ತಳ್ಳಲಿಲ್ಲ. ‘ಶುದ್ಧ’ ಕುಂಬಿಯಾ ಯಾವುದು ಅಂತ ವಾದ ಮಾಡುವವರಿಗೆ ನನ್ನದೊಂದೇ ಮಾತು: ಅದು ಹುಟ್ಟಿದ್ದೇ ಬೆರಕೆಯಾಗಿ.

ಒಮ್ಮೆ ಕೇಳಿ ನೋಡಿ. ಮೊದಲು ಲೋಸ್ ಗಾಯ್ತೆರೋಸ್ ದೆ ಸಾನ್ ಹಸಿಂತೋ, ಆಮೇಲೆ ಲೋಸ್ ಶಾಪಿಸ್. ಕೊಳಲು ಗಿಟಾರಾಗಿದ್ದು ನಿಮಗೇ ಗೊತ್ತಾಗುತ್ತೆ.